ಏಳನೇ ಕೋಣೆಯ ಉಪ್ಪು

ಆ ಊರಿಗೊಂದು ಹೆಸರಿತ್ತು. ನಾನು ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ಅದನ್ನೂ ಒಂದು ಕೋಣೆಯಲ್ಲಿಟ್ಟು, ಬೀಗ ಜಡಿದು, ಕೀಲಿಯನ್ನು ಕಂಡಕಂಡವರಿಗೆಲ್ಲ ಹಂಚಿಬಿಟ್ಟಾರು. ಅಂಥ ಜನ ಅವರು.

ಸಮುದ್ರದಿಂದ ಬಲು ದೂರದ ಊರು. ಹನ್ನೆರಡು ವರ್ಷಕ್ಕೊಮ್ಮೆ ಹೇರೆತ್ತುಗಳ ಸಾಲು ಉಪ್ಪು ಹೊತ್ತು ಬರುತ್ತಿತ್ತು. ಬಂದ ಉಪ್ಪನ್ನು ಊರ ನಡುವಿನ ಉಪ್ಪಿನಮನೆಗೆ ತುಂಬುತ್ತಿದ್ದರು. ಏಳು ಕೋಣೆ, ಏಳು ಬಾಗಿಲು, ಏಳು ಬೀಗ. ಮೊದಲ ಆರು ಕೋಣೆಗಳ ಉಪ್ಪನ್ನು ಎರಡೆರಡು ವರ್ಷಕ್ಕೊಂದರಂತೆ ಮನೆಮನೆಗೆ ಅಳೆದು ಕೊಡುವುದು. ಏಳನೆಯದನ್ನು ಮುಟ್ಟುವ ಹಾಗಿಲ್ಲ. ಹೇರೆತ್ತುಗಳು ಬರುವುದು ತಡವಾದರೆ ಊರು ಉಳಿಯಲಿ ಎಂದು ಹಿಂದಿನವರು ತೆಗೆದಿಟ್ಟದ್ದು ಅದು.

ಹಿಂದಿನವರಿಗೆ ಬುದ್ಧಿ ಇತ್ತು. ಆಮೇಲೆ ಹುಟ್ಟಿದವರಿಗೆ ಅದರ ಬದಲು ಮರ್ಯಾದೆ ಬಂತು. ಆ ಊರಿನಲ್ಲಿ ಮರ್ಯಾದೆಯೆಂದರೆ ಕೀಲಿ. ಯಾರಿಗಾದರೂ ಗೌರವ ತೋರಿಸಬೇಕೆ? ಉಪ್ಪಿನಮನೆಯದೊಂದು ಕೀಲಿ ಮಾಡಿಸಿ ಸೊಂಟಕ್ಕೆ ಕಟ್ಟುವುದು. ಮದುವೆಯಾದರೆ ಕೀಲಿ, ಮನೆ ಕಟ್ಟಿದರೆ ಕೀಲಿ, ಬಸುರಿಗೆ ಸೀಮಂತದ ದಿನ ಹೂವು ಬಳೆಯ ಜೊತೆಗೊಂದು ಕೀಲಿ. ಒಳಗೆ ಉಪ್ಪು ಅಳೆಯುವವನಿಗೆ ಕೊಟ್ಟರು, ಸರಿಯಪ್ಪ, ಕೊಡಲೇಬೇಕು. ಅವನು ಮುದುಕನಾಗಿ ಅಳೆಯುವುದು ಬಿಟ್ಟ ದಿನ, ಇಷ್ಟು ವರ್ಷ ಅಳೆದನಲ್ಲ ಪಾಪ ಎಂದು ಇನ್ನೂ ಒಂದು ಕೊಟ್ಟರು. ಚೆನ್ನಾಗಿ ಹಾಡಿದಳೆಂದು ಒಬ್ಬಳಿಗೆ ಕೊಟ್ಟರು. ಚೆನ್ನಾಗಿ ಹಾಡದವಳು ಬೇಜಾರು ಮಾಡಿಕೊಂಡಾಳು ಎಂದು ಅವಳಿಗೂ ಕೊಟ್ಟರು. ಮಾಡಿನ ಹೆಂಚು ಸರಿಮಾಡಲು ಮೂರು ದಿನದ ಮಟ್ಟಿಗೆ ಬಂದಿದ್ದ ಕೆಲಸದವನಿಗೆ, ಏಣಿ ಇಡಲಿಕ್ಕೆ ಬೇಕಲ್ಲ ಎಂದು ಏಳಕ್ಕೆ ಏಳೂ ಕೊಟ್ಟರು! ಹೆಂಚು ಸರಿಯಾಯಿತು, ಏಣಿ ಹೋಯಿತು, ಕೆಲಸದವನು ಊರು ಬಿಟ್ಟು ಇಪ್ಪತ್ತು ವರ್ಷವಾಯಿತು. ಆ ಏಳು ಕೀಲಿ ಎಲ್ಲಿವೆಯೋ, ಯಾರ ಕೈಯಲ್ಲಿವೆಯೋ, ಒಬ್ಬರೂ ಕೇಳಲಿಲ್ಲ. ಸತ್ತವರ ಕೀಲಿ ಮಕ್ಕಳಿಗೆ. ಮಕ್ಕಳಿಲ್ಲದಿದ್ದರೆ, ಸಾವಿನ ಮನೆಗೆ ಮೊದಲು ಓಡಿ ಬಂದು ಅತ್ತವರಿಗೆ.

ಕೊಡುವುದಕ್ಕೆ ನೂರು ನೆವ. ವಾಪಸ್ಸು ತೆಗೆದುಕೊಳ್ಳುವುದಕ್ಕೆ ಒಂದೂ ಇಲ್ಲ. ಕೊಟ್ಟ ಕೀಲಿಯನ್ನು ಕೇಳುವುದೆಂದರೆ ನಡುಬೀದಿಯಲ್ಲಿ ಒಬ್ಬರ ಸೊಂಟಕ್ಕೆ ಕೈ ಹಾಕಿದ ಹಾಗೆ. ಅದಕ್ಕಿಂತ ಹೀನ ಕೆಲಸ ಆ ಊರಿನಲ್ಲಿ ಇರಲಿಲ್ಲ. ಹೀಗೆ ಕೀಲಿಗಳು ಹೆಚ್ಚುತ್ತ ಹೋದವು, ಸೊಂಟಗಳು ಬಾಗುತ್ತ ಹೋದವು. ಬಾಗಿದಷ್ಟೂ ದೊಡ್ಡವರು. ಎಲ್ಲರಿಗಿಂತ ದೊಡ್ಡವರನ್ನು ದೊಡ್ಡಕೀಲಿಯವರು ಎಂದೇ ಕರೆಯುತ್ತಿದ್ದರು. ಅವರು ಎದ್ದು ನಿಲ್ಲಬೇಕಾದರೆ ಆ ಕಡೆ ಒಬ್ಬ, ಈ ಕಡೆ ಒಬ್ಬ ಹಿಡಿದುಕೊಳ್ಳಬೇಕಿತ್ತು.

ಕೀಲಿ ಕಟ್ಟುವುದಕ್ಕೊಂದು ಶಾಸ್ತ್ರ. ಡೋಲು ಬಾರಿಸುವುದು. ಕೀಲಿಯನ್ನು ಅರಿಶಿನದ ನೀರಿನಲ್ಲಿ ತೊಳೆಯುವುದು. ಕಟ್ಟಿಸಿಕೊಂಡವರು ಒಬ್ಬರೇ ಉಪ್ಪಿನಮನೆಯೊಳಗೆ ಹೋಗಿ, ತಮ್ಮ ಕೀಲಿಯ ಕೋಣೆ ತೆಗೆದು ನೋಡಿ, ಮತ್ತೆ ಬೀಗ ಹಾಕಿ, ಹೊರಬಾಗಿಲ ಹೊಸ್ತಿಲ ಮೇಲೆ ನಿಂತು ಮೂರು ಸಲ ಹೇಳುವುದು: "ಒಳಗೆ ಎಲ್ಲ ಸರಿಯಿದೆ. ಒಳಗೆ ಎಲ್ಲ ಸರಿಯಿದೆ. ಒಳಗೆ ಎಲ್ಲ ಸರಿಯಿದೆ." ಅಂಗಳದಲ್ಲಿ ನಿಂತ ಊರೆಲ್ಲ ಮೂರು ಸಲ "ಸರಿಯಿದೆ" ಅನ್ನುವುದು. ಆಮೇಲೆ ಪಾನಕ.

ಎಲ್ಲ ಸರಿಯಿದ್ದರೂ ಉಪ್ಪು ಮಾತ್ರ ಇಳಿಯುತ್ತಿತ್ತು. ಮನೆಗೆ ಅಳೆದು ಕೊಡುವ ಬಟ್ಟಲು ವರ್ಷವರ್ಷಕ್ಕೆ ಚಿಕ್ಕದಾಯಿತು. ಬಟ್ಟಲು ಚಿಕ್ಕದಾದಾಗಲೆಲ್ಲ ಊರು ಒಂದೇ ಕೆಲಸ ಮಾಡುತ್ತಿತ್ತು: ಸುತ್ತಿನ ಗೋಡೆಯನ್ನು ಇನ್ನೊಂದು ಮೊಳ ಎತ್ತರಿಸುವುದು. ಕಳ್ಳ ಅಂದ ಮೇಲೆ ಹೊರಗಿನಿಂದ ತಾನೇ ಬರಬೇಕು? ಗೋಡೆ ಎಷ್ಟು ಎತ್ತರವಾಯಿತೆಂದರೆ ಸೂರ್ಯ ಊರೊಳಗೆ ಇಣುಕುವ ಹೊತ್ತಿಗೆ ಮಧ್ಯಾಹ್ನವಾಗುತ್ತಿತ್ತು. ಊರಬಾಗಿಲಲ್ಲಿ ಒಬ್ಬ ಕಾವಲುಗಾರ. ಹೊರಗಿನಿಂದ ಬಂದ ಬಳೆಗಾರನ ಹಾಸಿಗೆಯ ಹೊಲಿಗೆ ಬಿಚ್ಚುತ್ತಿದ್ದ, ಅವನ ಕತ್ತೆಯ ಬಾಲ ಬಾಚಿ ನೋಡುತ್ತಿದ್ದ. ಸೊಂಟದಲ್ಲಿ ಕೀಲಿ ಇದ್ದವರು ಮೂಟೆ ಹೊತ್ತುಕೊಂಡು ಹೊರಗೆ ಹೊರಟರೆ ಅದೇ ಕಾವಲುಗಾರ ಎದ್ದು ಕೈಮುಗಿದು, "ಭಾರ ಐತೆ, ಕೊಡಿ ಬುದ್ಧೀ" ಎಂದು ಮೂಟೆಯನ್ನು ತಾನೇ ಗಾಡಿಗೆ ಏರಿಸಿಕೊಡುತ್ತಿದ್ದ. ಮೂಟೆಯ ತಳದಿಂದ ಬೆಳ್ಳಗೆ ಸುರಿಯುತ್ತಿದ್ದುದನ್ನು ಕಾಲಿನಿಂದ ಸರಿಸಿ ಬಿಡುತ್ತಿದ್ದ.

ಇಂಥ ಊರಿನಲ್ಲಿ ಸೊಂಟಕ್ಕೆ ಒಂದೂ ಕೀಲಿಯಿಲ್ಲದವಳು ಒಬ್ಬಳೇ ಇದ್ದಳು. ಎಣ್ಣೆಯಕ್ಕ. ಬೆಳಿಗ್ಗೆ ಎದ್ದು ಉಪ್ಪಿನಮನೆಯ ಏಳು ಬೀಗಗಳಿಗೂ ಎಣ್ಣೆ ಬಿಡುವುದು ಅವಳ ಕೆಲಸ. ಅವಳ ತಾಯಿಯೂ ಅದನ್ನೇ ಮಾಡಿದ್ದಳು. ಬೀಗಕ್ಕೆ ಎಣ್ಣೆ ಬಿಡಲು ಬೀಗ ತೆಗೆಯಬೇಕಾಗಿಲ್ಲ, ಹಾಗಾಗಿ ಅವಳಿಗೆ ಕೀಲಿ ಯಾರೂ ಕೊಡಲಿಲ್ಲ, ಎಣ್ಣೆ ಕೈಯವಳೆಂದು ಮದುವೆಯಲ್ಲೂ ಸೀಮಂತದಲ್ಲೂ ಬಿಟ್ಟುಬಿಟ್ಟರು, ಅವಳೂ ಕೇಳಲಿಲ್ಲ. ಊರಿನಲ್ಲಿ ಬೆನ್ನು ನೆಟ್ಟಗಿಟ್ಟು ನಡೆಯುವವಳು ಅವಳೊಬ್ಬಳೇ. ಅದನ್ನು ಕಂಡರೆ ಜನಕ್ಕೆ ನಗು.

ಅವಳಿಗೊಬ್ಬಳು ಮಗಳು. ಒಳ್ಳೆ ಕೀಲಿಯ ಮನೆಗೆ ಕೊಟ್ಟಿದ್ದಳು. ಈಗ ಅವಳಿಗೆ ಒಂಬತ್ತು ತಿಂಗಳು ತುಂಬಿತ್ತು. ಆ ಊರಿನಲ್ಲಿ ಮಗುವಿಗೆ ಹೆಸರಿಡುವ ದಿನ, ತಾಯಿಯ ತಾಯಿ ತನ್ನ ಕೈಯಿಂದಲೇ ಒಂದು ಹರಳು ಉಪ್ಪನ್ನು ಮಗುವಿನ ನಾಲಿಗೆಗೆ ಮುಟ್ಟಿಸಬೇಕು. ಇಲ್ಲದಿದ್ದರೆ ಆ ಮಗುವಿನ ಮಾತು ಸಾಯುವ ತನಕ ಸಪ್ಪೆ ಎಂದು ನಂಬಿಕೆ. ಎಣ್ಣೆಯಕ್ಕನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಬಾಣಂತನ ಮಾಡಬೇಕು, ಆ ಒಂದು ಹರಳು ಮುಟ್ಟಿಸಬೇಕು, ಅಷ್ಟೇ. ಹಗಲೆಲ್ಲ ಎಣ್ಣೆಬಟ್ಟೆ ಹಿಡಿದ ಬೆರಳನ್ನು ಸೀಗೆಕಾಯಿ ಹಾಕಿ ತಿಕ್ಕಿ ತಿಕ್ಕಿ ತೊಳೆಯುವುದೇ ಅವಳಿಗೆ ಒಂದು ಕೆಲಸವಾಗಿತ್ತು.

ಬೀಗಗಳ ಮಾತು ಅವಳಿಗೆ ಗೊತ್ತಾಗುತ್ತಿತ್ತು. ತೆಗೆಯದ ಬೀಗ ಎಣ್ಣೆ ಕುಡಿಯುವುದಿಲ್ಲ. ಬಿಟ್ಟ ಎಣ್ಣೆ ಬಾಯಲ್ಲೇ ಅಂಟಂಟಾಗಿ ನಿಂತು ಧೂಳು ಹಿಡಿಯುತ್ತದೆ. ತೆಗೆದು ಹಾಕಿ ಮಾಡುವ ಬೀಗ ಎರಡು ದಿನಕ್ಕೆ ಒಣಗುತ್ತದೆ, ಮತ್ತೆ ಕೊಡು ಅನ್ನುತ್ತದೆ. ಯಾರೂ ಮುಟ್ಟಬಾರದ ಏಳನೇ ಬೀಗ ಎಲ್ಲಕ್ಕಿಂತ ಹೆಚ್ಚು ಎಣ್ಣೆ ಕುಡಿಯುತ್ತಿತ್ತು. ಅದರ ಬಾಯಿ ಸವೆದು ಸವೆದು, ಕೀಲಿಯಿರಲಿ ಬಾಚಣಿಗೆಯ ಹಲ್ಲು ಹಾಕಿದರೂ ತೆರೆಯುವಂತಾಗಿತ್ತು. ಒಂದು ಬೆಳಿಗ್ಗೆ ಎಣ್ಣೆಯಕ್ಕ ಅದರ ಹೊಸ್ತಿಲ ಮೇಲೆ ಕೈಯಾಡಿಸಿದಳು. ಉಪ್ಪಿನ ಪುಡಿ. ಎಣ್ಣೆಬಟ್ಟಲು ಅಲ್ಲೇ ಇಟ್ಟು ಕಮ್ಮಾರನ ಸಾಲೆಗೆ ಹೋದಳು.

"ಅಣ್ಣಾ, ಏಳನೇ ಕೋಣೇದು ಎಷ್ಟು ಕೀಲಿ ಮಾಡಿದೀಯ?" ಎಂದು ಕೇಳಿದಳು.

ಕಮ್ಮಾರ ತಿದಿ ಒತ್ತುವುದು ನಿಲ್ಲಿಸಲಿಲ್ಲ. "ಅಕ್ಕಾ, ನಾನು ಮಾಡ್ತೀನಿ, ಅವ್ರು ಕಟ್ತಾರೆ. ಹೋದ ವಾರ ದೊಡ್ಡಕೀಲಿಯವರ ಕ್ಷೌರದವನಿಗೆ ಒಂದು. ಯಾಕೆ ಅಂದ್ರೆ ಗಾಯ ಮಾಡದೆ ಕ್ಷೌರ ಮಾಡಿದ್ನಂತೆ."

"ವಾಪಸ್ಸು ಬಂದಿದ್ದು ಒಂದಾದ್ರೂ ಐತಾ?"

ಕಮ್ಮಾರ ಆಗ ತಿದಿ ನಿಲ್ಲಿಸಿದ. ಆಚೆ ಈಚೆ ನೋಡಿದ. "ಅಂಥ ಮಾತು ನನ್ನ ಸಾಲೇಲಿ ಆಡಬ್ಯಾಡ ತಾಯಿ. ಹೆಂಡ್ತಿ ಮಕ್ಕಳಿರೋನು ನಾನು" ಎಂದ.

ಅಲ್ಲಿಂದ ಮಗಳ ಮನೆಗೆ ಹೋದಳು. ಮಗಳು ಹಿತ್ತಿಲ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಳು. ಸೀಮಂತದಲ್ಲಿ ಕಟ್ಟಿದ ಕೀಲಿ, ಹೊಟ್ಟೆ ದೊಡ್ಡದಾಗಿ ಸೊಂಟಕ್ಕೆ ನಿಲ್ಲದೆ, ಕೊರಳಿಗೆ ಬಂದಿತ್ತು.

"ನಿನ್ನದು ಯಾವ ಕೋಣೆ ಕೀಲಿ ಮಗಳೇ?"

"ಏಳನೇದು ಕಣವ್ವ. ಅತ್ತೆ ಹಟ ಹಿಡಿದು ಏಳನೇದೇ ಮಾಡಿಸಿದ್ರು."

"ಒಳಗೆ ಹೋದಾಗ ಏನು ಕಂಡೆ?"

ಮಗಳು ಕೀಲಿಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಅವರ ತಲೆಯ ಮೇಲೆ ಅಟ್ಟ. ಅಟ್ಟದ ಮೇಲೆ ಬಾಯಿಗೆ ಬಟ್ಟೆ ಕಟ್ಟಿದ ಎಂಟೋ ಹತ್ತೋ ಜಾಡಿ. "ಎಲ್ಲಾರೂ ಏನು ಹೇಳ್ತಾರೋ ಅದೇ ಹೇಳಿದೆ. ಕೇಳಬ್ಯಾಡ ಕಣವ್ವ. ನಾನು ಈ ಮನೇಲಿ ಬದುಕಬೇಕು" ಅಂದಳು.

ಎಣ್ಣೆಯಕ್ಕ ಲೆಕ್ಕ ಹಾಕುತ್ತ ಮನೆಗೆ ನಡೆದಳು. ಮೊದಲ ಆರು ಕೋಣೆಗಳ ಉಪ್ಪು ಆಗಲೇ ತಳ ಕಂಡಿತ್ತು, ಹೇರೆತ್ತುಗಳು ಬರಲು ಇನ್ನೂ ನಾಲ್ಕು ವರ್ಷ ಇತ್ತು. ಹುಟ್ಟುವ ಮಗು ನಾಲ್ಕು ವರ್ಷದ್ದಾಗಬೇಕು, ಉಪ್ಪು ಬರಬೇಕಾದರೆ.

ಮರುದಿನ ದೊಡ್ಡಕೀಲಿಯವರ ಜಗಲಿ. ಕೀಲಿಯವರೆಲ್ಲ ಸೇರಿ ಈ ವರ್ಷ ಗೋಡೆ ಒಂದು ಮೊಳ ಏರಿಸುವುದೋ ಎರಡು ಮೊಳವೋ ಎಂದು ಬಿಸಿಬಿಸಿ ಚರ್ಚೆ ಮಾಡುತ್ತಿದ್ದರು. ಎಣ್ಣೆಯಕ್ಕ ಕೆಳಗೆ ನಿಂತು ಕೈಮುಗಿದಳು.

"ಬುದ್ಧೀ, ಏಳನೇ ಬೀಗ ದಿನಾ ತೆಗೀತಾವ್ರೆ."

"ಯಾರು?"

"ಅದು ನಂಗೇನು ಗೊತ್ತು. ಕೀಲಿ ಇರೋರು."

"ಕೀಲಿ ಇರೋರು ತೆಗೆದರೆ ಅದನ್ನ ತೆಗೆಯೋದು ಅಂತಾರೆ. ಇಲ್ಲದವರು ತೆಗೆದರೆ ಕಳ್ಳತನ ಅಂತಾರೆ. ಅಷ್ಟೂ ತಿಳಿಯಲ್ವೇನಮ್ಮ?" ಎಂದರು ದೊಡ್ಡಕೀಲಿಯವರು. ಜಗಲಿಯ ಮೇಲೆ ನಗು. ನಕ್ಕವರ ಸೊಂಟಗಳು ಝಣಝಣ ಅಂದವು.

ಎಣ್ಣೆಯಕ್ಕ ಮೆತ್ತಗಿನ ಹೆಂಗಸೇನಲ್ಲ. ಬಂದಾಯಿತು, ಹೇಳಿಯೇ ಹೋಗುತ್ತೇನೆ ಎಂದುಕೊಂಡಳು. "ಗೋಡೆ ಸಾಕು ಬುದ್ಧೀ. ಬೆಳಗಿನ ಬಿಸಿಲು ಕಂಡು ಎಷ್ಟು ದಿನ ಆಯ್ತು. ಒಂದು ಸಲ ಎಲ್ಲಾ ಕೀಲೀನೂ ವಾಪಸ್ಸು ತರಿಸಿ. ಒಳಗೆ ಯಾರಿಗೆ ಕೆಲ್ಸ ಐತೋ ಅವರಿಗಷ್ಟೇ ಕೊಡಿ. ಯಾವ ಕೋಣೇಲಿ ಕೆಲ್ಸವೋ ಆ ಕೋಣೇದಷ್ಟೇ ಕೊಡಿ. ಕೆಲ್ಸ ಮುಗೀತಾ, ಇಸ್ಕೊಂಡ್ಬಿಡಿ. ಏಳನೇದು ಮಾತ್ರ ಯಾರಿಗೂ ಬ್ಯಾಡ."

ಆಹಾ, ಆಗ ನೋಡಬೇಕಿತ್ತು ಆ ಜಗಲಿಯನ್ನು! ಒಬ್ಬರು ಕಿವಿ ಮುಚ್ಚಿಕೊಂಡರು. ಒಬ್ಬರು ಎರಡೂ ಕೈಯಿಂದ ಸೊಂಟ ಮುಚ್ಚಿಕೊಂಡರು. ಅಳೆಯುವುದು ಬಿಟ್ಟು ಹದಿನೈದು ವರ್ಷವಾದ ಮುದುಕ, "ನಾನು ಕಳ್ಳನಾ? ನಾನು ಕಳ್ಳನಾ?" ಎಂದು ಎದೆ ಬಡಿದುಕೊಂಡ. ಅವನನ್ನು ಕಳ್ಳ ಎಂದು ಯಾರೂ ಅಂದಿರಲಿಲ್ಲ. ಹಾಡದವಳು ಗಟ್ಟಿಯಾಗಿ ಅತ್ತಳು. ನಂಬಿಕೆಯೇ ಇಲ್ಲವಾದ ಮೇಲೆ ಊರು ಯಾಕೆ ಬೇಕು ಎಂದು ಕ್ಷೌರದವನು ಭಾಷಣವನ್ನೇ ಮಾಡಿದ. ಕೀಲಿ ಕಟ್ಟಿಸಿಕೊಂಡು ಅವನಿಗೆ ಒಂದು ವಾರವಾಗಿತ್ತು ಅಷ್ಟೇ. ಮಾತು ಆಗಲೇ ದೊಡ್ಡದಾಗಿತ್ತು.

ದೊಡ್ಡಕೀಲಿಯವರು ಕೈ ಎತ್ತಿದರು. ಎಲ್ಲರೂ ಸುಮ್ಮನಾದರು. "ನೋಡಮ್ಮ, ಕೀಲಿ ಇರೋರಿಗೆ ಕದಿಯೋ ದರ್ದೇನು? ಬಾಗಿಲೇ ಅವರದು. ಇನ್ನು ಗೋಡೆ ಒಳಗೆ ಕೀಲಿ ಇಲ್ಲದೆ ಇರೋಳು ಯಾರು?" ಎಂದು ಕೇಳಿದರು. ಎಲ್ಲರ ಕಣ್ಣೂ ಅವಳ ಬರಿಯ ಸೊಂಟದ ಮೇಲೆ ಬಿದ್ದವು.

ಆ ಊರಿನಲ್ಲಿ ಉಪ್ಪಿನ ಕಳ್ಳರಿಗೆ ಶಿಕ್ಷೆಯೆಂದರೆ ಊರಬಾಗಿಲು ದಾಟಿಸಿ ಬಿಡುವುದು, ಮತ್ತೆ ಒಳಗೆ ಸೇರಿಸದಿರುವುದು. ಬಾಗಿಲಾಚೆ ಮೂರು ದಿನದ ದಾರಿ ಬಯಲು, ಒಂದು ಮರವಿಲ್ಲ. ಮಗಳ ಮುಖ, ಹುಟ್ಟದ ಮಗುವಿನ ಮುಖ, ಎರಡೂ ಕಣ್ಣ ಮುಂದೆ ಬಂದವು.

ಆಗ ಮಗಳ ಅತ್ತೆ ಎದ್ದು ನಿಂತಳು. ನೆಂಟಸ್ತಿಕೆಯ ಮರ್ಯಾದೆ ಉಳಿಸಿಕೊಳ್ಳಬೇಕಲ್ಲ. "ಏನೋ ತಿಳಿಯದೆ ಅಂದುಬಿಟ್ಲು, ಬಿಡಿ. ಅವಳಿಗೂ ಒಂದು ಕೀಲಿ ಕಟ್ಟಿಬಿಡಿ. ಅನುಮಾನ ಪಡೋಕೆ ಊರಲ್ಲಿ ಯಾರೂ ಉಳಿಯಲ್ಲ. ಯಾರೂ ಉಳಿಯದೆ ಇದ್ದ ಮೇಲೆ ಕಳ್ಳತನ ಎಲ್ಲಿಂದ ಬರ್ತದೆ?" ಎಂದಳು.

ಎಂಥ ಬುದ್ಧಿ! ಎಂಥ ಬುದ್ಧಿ! ಜಗಲಿಗೆ ಜಗಲಿಯೇ ತಲೆದೂಗಿತು. ಗೋಡೆಯ ಖರ್ಚೂ ಉಳಿಯಿತು. ದೊಡ್ಡಕೀಲಿಯವರು ತೀರ್ಮಾನ ಕೊಟ್ಟರು: ನಾಳೆ ಮಧ್ಯಾಹ್ನ ಎಣ್ಣೆಯಕ್ಕನಿಗೆ ಕೀಲಿ. ಏಳನೇ ಕೋಣೆಯದೇ ಕೊಡೋಣ, ಅವಳ ಬಾಯಿಗೂ ಸಮಾಧಾನವಾಗಲಿ. ಕಟ್ಟಿಸಿಕೊಂಡರೆ ಊರವಳು. ಬೇಡವೆಂದರೆ ಊರಬಾಗಿಲು.

ಎಣ್ಣೆಯಕ್ಕ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ? ಮನೆಗೆ ಹೋಗಿ ಒಬ್ಬಳೇ ಕೂತು ಆ ಮೂರು ಮಾತನ್ನು ಬಾಯಿಪಾಠ ಮಾಡಿದಳು. ಒಳಗೆ ಎಲ್ಲ ಸರಿಯಿದೆ. ಒಳಗೆ ಎಲ್ಲ ಸರಿಯಿದೆ. ಇಷ್ಟು ಜನ ಹೇಳಿದ್ದಾರಲ್ಲ, ಯಾರ ನಾಲಿಗೆಯೂ ಬಿದ್ದು ಹೋಗಿಲ್ಲ. ನಾನೊಬ್ಬಳು ಹೇಳಿದರೆ ಲೋಕ ಮುಳುಗುತ್ತದೆಯೇ? ಮಗು ಹುಟ್ಟಲಿ, ಒಂದು ಹರಳು ಮುಟ್ಟಿಸುತ್ತೇನೆ, ಆಮೇಲೆ ಈ ಊರು ಹಾಳಾಗಿ ಹೋಗಲಿ. ಹೀಗೆ ತನಗೆ ತಾನೇ ಹೇಳಿಕೊಂಡು ಎದೆ ಗಟ್ಟಿ ಮಾಡಿಕೊಂಡಳು.

ಮಧ್ಯಾಹ್ನ ಸೂರ್ಯ ಗೋಡೆ ಏರಿ ಬಂದ. ಡೋಲು ಬಾರಿಸಿದರು. ಅರಿಶಿನದ ನೀರಿನಲ್ಲಿ ಕೀಲಿ ತೊಳೆದರು. ಅವಳ ನೆಟ್ಟಗಿನ ಸೊಂಟಕ್ಕೆ ಕಟ್ಟಿದರು. ಅಂಗಳದ ಮುಂದಿನ ಸಾಲಿನಲ್ಲಿ ಮಗಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣಲ್ಲೇ ಬೇಡುತ್ತಿದ್ದಳು: ಹೇಳಿಬಿಡವ್ವ, ಹೇಳಿಬಿಡು.

ಎಣ್ಣೆಯಕ್ಕ ಒಳಗೆ ಹೋದಳು. ನಲವತ್ತು ವರ್ಷ ಹೊರಗಿನಿಂದ ಸವರಿದ ಬಾಗಿಲುಗಳನ್ನು ಒಂದೊಂದಾಗಿ ದಾಟಿದಳು. ಏಳನೇ ಬೀಗಕ್ಕೆ ಕೀಲಿ ಹಾಕುವ ಮೊದಲೇ ಅದು ಬಾಯಿ ಬಿಟ್ಟಿತು. ಬಾಗಿಲು ತಳ್ಳಿದಳು.

ಗೋಡೆಯ ಮೇಲೆ ಆಳೆತ್ತರದಲ್ಲಿ ಒಂದು ಬಿಳಿಯ ಗೆರೆ. ಹಿಂದೊಮ್ಮೆ ಉಪ್ಪು ಅಲ್ಲಿಯವರೆಗೆ ಇತ್ತು. ಅದರ ಕೆಳಗೊಂದು ಗೆರೆ, ಎದೆಮಟ್ಟಕ್ಕೆ. ಅದರ ಕೆಳಗೆ ಮೊಣಕಾಲ ಮಟ್ಟಕ್ಕೆ. ಅದರ ಕೆಳಗೆ ನೆಲ. ಬಾಗಿಲ ಬುಡದ ತುಂಬ ಹೆಜ್ಜೆ ಗುರುತು, ಗಂಡಸರದು, ಹೆಂಗಸರದು, ಒಂದರ ಮೇಲೊಂದು. ಉಳಿದ ನೆಲವನ್ನು ಯಾರೋ ಅಚ್ಚುಕಟ್ಟಾಗಿ ಗುಡಿಸಿದ್ದರು. ಮೂಲೆಯಲ್ಲಿ ಪೊರಕೆ ಒರಗಿಸಿಟ್ಟಿದ್ದರು. ಒಂದು ಹರಳು ಉಪ್ಪಿಲ್ಲ. ಆ ಪೊರಕೆಯನ್ನು ಕಂಡು ಅವಳ ಮೈ ಉರಿದು ಹೋಯಿತು. ಕದ್ದದ್ದಲ್ಲದೆ ಗುಡಿಸಿಕೊಂಡೂ ಹೋಗಿದ್ದಾರಲ್ಲ, ಥೂ!

ಹೊರಗೆ ಬಂದು ಹೊಸ್ತಿಲ ಮೇಲೆ ನಿಂತಳು. ಊರೆಲ್ಲ ಕಾಯುತ್ತಿತ್ತು. ಪಾನಕದ ಕೊಳಗ ತಂದಿಟ್ಟಿದ್ದರು.

"ಒಳಗೆ" ಅಂದಳು.

ಉಳಿದದ್ದನ್ನೂ ಹೇಳಬೇಕೆಂದೇ ಬಂದಿದ್ದಳು, ದೇವರಾಣೆ. ಆದರೆ ನಾಳೆ ಹುಟ್ಟುವ ಮಗುವಿಗೆ ಮುಟ್ಟಿಸುವುದಕ್ಕೆ ಅಲ್ಲಿ ಏನಿದೆ? ನಾಲ್ಕು ವರ್ಷ ಈ ಊರಿನ ಮಕ್ಕಳು ಏನು ತಿನ್ನುತ್ತವೆ?

"ಒಳಗೆ ಏನೂ ಇಲ್ಲ" ಎಂದಳು ಎಣ್ಣೆಯಕ್ಕ. "ಏಳನೇ ಕೋಣೇಲಿ ಏನೂ ಇಲ್ಲ. ಗುಡಿಸಿ ಇಟ್ಟವ್ರೆ. ಬನ್ನಿ, ಬಂದು ನೋಡಿ."

ಯಾರೂ ಬಂದು ನೋಡಲಿಲ್ಲ. ನೋಡಿದವರೇ ಎಲ್ಲ, ಮತ್ತೇನು ನೋಡುತ್ತಾರೆ? ಅಂಗಳದಲ್ಲಿ ಒಂದು ಕೀಲಿಯೂ ಅಲುಗಲಿಲ್ಲ. ಕೊನೆಗೆ ದೊಡ್ಡಕೀಲಿಯವರು ಇಬ್ಬರ ಹೆಗಲು ಹಿಡಿದು ಎದ್ದರು. ಅವರ ಮುಖದಲ್ಲಿ ಗಾಬರಿಯಿರಲಿಲ್ಲ, ಒಂದು ಥರದ ನಿರಾಳ ಇತ್ತು.

"ಇದುವರೆಗೆ ಏಳನೇ ಕೋಣೆ ತೆಗೆದವರೆಲ್ಲ ಹೊಸ್ತಿಲ ಮೇಲೆ ನಿಂತು ಏನು ಹೇಳಿದ್ದಾರೆ?" ಎಂದು ಕೇಳಿದರು.

"ಸರಿಯಿದೆ ಅಂದಿದ್ದಾರೆ" ಎಂದಿತು ಊರು.

"ಇವತ್ತು ಒಳಗೆ ಒಬ್ಬಳೇ ಹೋದವಳು ಯಾರು?"

"ಎಣ್ಣೆಯಕ್ಕ."

"ಈಗ ಖಾಲಿಯಾಗಿದೆ ಅಂತ ತನ್ನ ಬಾಯಲ್ಲೇ ಹೇಳಿದವಳು ಯಾರು?"

"ಎಣ್ಣೆಯಕ್ಕ! ಎಣ್ಣೆಯಕ್ಕ!"

ಆಹಾಹಾ, ನ್ಯಾಯ ಎಂದರೆ ಇದು! ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತಿನಲ್ಲಿ ಒಬ್ಬ ಹೆಂಗಸು, ಬರಿಗೈಯಲ್ಲಿ, ಒಂದು ಕೋಣೆ ತುಂಬ ಉಪ್ಪನ್ನು ಮಾಯ ಮಾಡಿದಳಂತೆ. ಯಾರಿಗೂ ಅನುಮಾನವಿಲ್ಲ. ಆದರೂ ದೊಡ್ಡಕೀಲಿಯವರು ಸಾಕ್ಷಿ ಕೇಳಿದರು, ಯಾರೂ ಒಂದು ಮಾತು ಅನ್ನಬಾರದು ನೋಡಿ. ಏಳನೇ ಕೀಲಿಯವರು ಒಬ್ಬೊಬ್ಬರಾಗಿ ಮುಂದೆ ಬಂದರು. ಅಳೆಯುವುದು ಬಿಟ್ಟ ಮುದುಕ: ನನ್ನ ದಿನ ಸರಿಯಿತ್ತು. ಹಾಡಿದವಳು: ನನ್ನ ದಿನ ಸರಿಯಿತ್ತು. ಹಾಡದವಳು: ನನ್ನ ದಿನ ಇನ್ನೂ ಸರಿಯಿತ್ತು. ಕ್ಷೌರದವನು: ಹೋದ ವಾರ ತಾನೇ ನೋಡಿದೆ, ಸೂರಿನ ತನಕ ಇತ್ತು. ಕೊನೆಗೆ ಅತ್ತೆ ಸೊಸೆಯ ಮೊಣಕೈ ಹಿಡಿದು ಮುಂದೆ ತಳ್ಳಿದಳು.

ಮಗಳು ನೆಲ ನೋಡುತ್ತ ನಿಂತಳು.

"ಹೇಳು ಮಗಳೇ" ಎಂದಳು ಎಣ್ಣೆಯಕ್ಕ. "ನೀನೂ ಹೋಗಿದ್ದೆ. ನೀನೂ ಆ ಪೊರಕೆ ನೋಡಿದೀಯ. ಒಬ್ಬಳಾದ್ರೂ ಹೇಳು."

ಮಗಳ ತುಟಿ ಅಲುಗಿತು. "ನನ್ನ ದಿನ ಸರಿಯಿತ್ತು" ಅಂದಳು. ಅವ್ವ ಎಂದು ಕೂಡ ಅನ್ನಲಿಲ್ಲ.

ಅಲ್ಲಿಯ ತನಕ ಒಂದು ಹನಿಯೂ ಹಾಕದ ಎಣ್ಣೆಯಕ್ಕ ಆಗ ಅತ್ತಳು. ಸದ್ದಿಲ್ಲ, ಬೈಗುಳವಿಲ್ಲ. ನಿಂತ ಹಾಗೆಯೇ ಅತ್ತಳು. ಮಗಳ ಮೇಲೆ ಸಿಟ್ಟು ಬರಲೆಂದು ಕಾದಳು, ಬರಲಿಲ್ಲ. ಅವಳ ಸೊಂಟದಿಂದ ಆ ಹೊಸ ಕೀಲಿಯನ್ನು ಬಿಚ್ಚಿಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಬಿಚ್ಚಿಕೊಳ್ಳುವ ಶಾಸ್ತ್ರವೇ ಅವರಿಗೆ ಗೊತ್ತಿರಲಿಲ್ಲ. ಅವಳೇ ಬಿಚ್ಚಿ ಹೊಸ್ತಿಲ ಮೇಲಿಟ್ಟಳು. ಜನ ಹಾವು ಕಂಡವರಂತೆ ಹಿಂದೆ ಸರಿದರು. ಕೀಲಿ ವಾಪಸ್ಸು ಕೊಟ್ಟವರನ್ನು ಆ ಊರು ಅದೇ ಮೊದಲು ನೋಡಿದ್ದು.

ಊರಬಾಗಿಲಿಗೆ ಕರೆದುಕೊಂಡು ಹೋದರು. ಅಂಗಳದಿಂದ ಬಾಗಿಲಿಗೆ ನಡೆಯುವಷ್ಟರಲ್ಲಿ ಬಿಸಿಲಿಗೂ ಗಾಳಿಗೂ ಅವಳ ಕೆನ್ನೆ ಒಣಗಿತ್ತು. ಕಾವಲುಗಾರ ಸಿದ್ಧನಾಗಿದ್ದ. ಕಳ್ಳಿಯಂತೆ, ಒಂದು ಕೋಣೆ ಉಪ್ಪಂತೆ, ಎಲ್ಲಿಟ್ಟಿದ್ದಾಳೋ ಹುಡುಕು ಎಂದು ಅಪ್ಪಣೆಯಾಗಿತ್ತು. ಅವನ ಹೆಂಡತಿ ಅವಳ ತುರುಬು ಬಿಚ್ಚಿ ನೋಡಿದಳು. ಸೆರಗಿನ ಅಂಚು ಬಿಚ್ಚಿ ನೋಡಿದಳು. ಎಣ್ಣೆಬಟ್ಟೆ ಹಿಂಡಿದರು, ಎಣ್ಣೆ ಬಂತು. ಕಾಲ್ಬೆರಳುಗಳ ಸಂದಿಯಲ್ಲಿ ಕಡ್ಡಿ ಆಡಿಸಿದರು, ಮಣ್ಣು ಬಂತು. ಜನ ಗೊಣಗತೊಡಗಿದರು. ಕಾವಲುಗಾರನ ಹಣೆಯಲ್ಲಿ ಬೆವರು ಬಂತು. ಅಷ್ಟರಲ್ಲಿ ಅವನು ಅವಳ ಮುಖವನ್ನು ಬಿಸಿಲಿಗೆ ತಿರುಗಿಸಿ ಕಣ್ಣು ಕಿರಿದು ಮಾಡಿ ನೋಡಿದ. ಎರಡೂ ಕೆನ್ನೆಯ ಮೇಲೆ, ಕಣ್ಣಿನಿಂದ ಗದ್ದದವರೆಗೆ, ಒಂದೊಂದು ಸಣ್ಣ ಬಿಳಿಯ ಗೆರೆ.

ಉಗುರಿನಿಂದ ಕೆರೆದ. ನಾಲಿಗೆಗೆ ಇಟ್ಟ.

"ಉಪ್ಪು!" ಎಂದು ಕೂಗಿದ. "ಸಿಕ್ತು ಬುದ್ಧೀ, ಸಿಕ್ತು! ಉಪ್ಪೇ! ನಮ್ಮ ಉಪ್ಪೇ!"

ಊರು ಕುಣಿಯಿತು. ಡೋಲು ಮತ್ತೆ ಶುರುವಾಯಿತು. ದೊಡ್ಡಕೀಲಿಯವರು ಕಣ್ಣು ಮುಚ್ಚಿ, ಸತ್ಯ ಯಾವತ್ತಾದರೂ ಹೊರಗೆ ಬಂದೇ ಬರುತ್ತದೆ ಎಂದರು. ಊರಿನ ಸೊತ್ತು ಹೊರಗೆ ಹೋಗಬಾರದಲ್ಲ, ಒದ್ದೆ ಮಾಡಿದ ಬಿಳಿಯ ಬಟ್ಟೆಯಿಂದ ಅವಳ ಎರಡೂ ಕೆನ್ನೆಗಳನ್ನು ಜೋಪಾನವಾಗಿ ಒರೆಸಿಕೊಂಡರು. ಎಣ್ಣೆಯಕ್ಕ ಅಲುಗದೆ ಒರೆಸಿಸಿಕೊಂಡಳು. ಗುಂಪಿನಲ್ಲಿ ಮಗಳನ್ನು ಹುಡುಕಿದಳು, ಕಾಣಲಿಲ್ಲ. "ಬಿಸಿನೀರು ಕುಡಿ ಮಗಳೇ, ತಣ್ಣೀರು ಮುಟ್ಟಬ್ಯಾಡ" ಎಂದು ಯಾರಿಗೂ ಕಾಣದ ಕಡೆಗೆ ಕೂಗಿ ಹೇಳಿ, ಬೆನ್ನು ನೆಟ್ಟಗಿಟ್ಟುಕೊಂಡು ಬಯಲಿಗೆ ಇಳಿದಳು. ಹಿಂದೆ ಬಾಗಿಲು ಮುಚ್ಚಿತು.

ಆ ಬಟ್ಟೆಯನ್ನು ಬೆಳ್ಳಿತಟ್ಟೆಯಲ್ಲಿ ಮೆರವಣಿಗೆ ಮಾಡಿ ಏಳನೇ ಕೋಣೆಗೆ ತಂದಿಟ್ಟರು. ಬೀಗ ಹಾಕಿದರು. ಮೂರು ಸಲ ಎಲ್ಲ ಸರಿಯಿದೆ ಎಂದರು. ಎಷ್ಟೋ ವರ್ಷದ ಮೇಲೆ ಆ ಮಾತಿನಲ್ಲಿ ಚೂರು ನಿಜವಿತ್ತು, ಅದು ಅವರಿಗೆ ಗೊತ್ತಾಗಲಿಲ್ಲ. ಕಳ್ಳಿಯನ್ನು ಹಿಡಿದ ಕಾವಲುಗಾರನಿಗೆ ಏಳನೇ ಕೋಣೆಯದೊಂದು ಕೀಲಿ ಕಟ್ಟಿದರು.

ನಾಲ್ಕನೇ ದಿನಕ್ಕೆ ಮಗಳು ಹೆತ್ತಳು. ಹೆಣ್ಣುಮಗು. ಹನ್ನೆರಡನೇ ದಿನ ಹೆಸರಿಡಬೇಕು. ಅತ್ತೆ ಅಟ್ಟದ ಮೇಲಿಂದ ಒಂದು ಜಾಡಿ ಇಳಿಸಿ, "ತಗೋ, ನಾನೇ ಮುಟ್ಟಿಸ್ತೀನಿ, ಯಾರ ಕೈಯಾದರೇನು" ಎಂದಳು. ಬಾಣಂತಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ತಲೆಗೆ ಬಟ್ಟೆ ಕಟ್ಟಿಕೊಂಡು, ಕೊರಳ ಕೀಲಿ ಹಿಡಿದು ಉಪ್ಪಿನಮನೆಗೆ ನಡೆದಳು. ಏಳನೇ ಕೋಣೆ ತೆಗೆದಳು. ಬೆಳ್ಳಿತಟ್ಟೆಯ ಮೇಲಿನ ಬಟ್ಟೆಯನ್ನು ಎತ್ತಿ ಎದೆಗವಚಿಕೊಂಡಳು. ಅವ್ವಾ ಎಂದು ಒಂದು ಸಲ ಅಂದಳು, ಕೇಳುವವರು ಇರಲಿಲ್ಲ.

ಮನೆಗೆ ಬಂದು ಬಟ್ಟೆಯ ಮೂಲೆಯನ್ನು ಒಂದು ಹನಿ ನೀರಿನಲ್ಲಿ ನೆನೆಸಿ ಮಗುವಿನ ನಾಲಿಗೆಗೆ ಮುಟ್ಟಿಸಿದಳು. ಮಗು ಮುಖ ಕಿವುಚಿ, ಊರಿಗೆಲ್ಲ ಕೇಳುವ ಹಾಗೆ ಕಿರುಚಿತು.

ಉಪ್ಪಿನಮನೆಯ ಬಾಗಿಲಲ್ಲಿ ಆ ದಿನ ಹೊಸ ಕೀಲಿಯ ಕಾವಲುಗಾರನೇ ಕೂತಿದ್ದ. ಬಟ್ಟೆ ಹಿಡಿದು ಹೊರಗೆ ಬಂದವಳನ್ನು ನೋಡಿ ಎದ್ದು ನಿಂತು ಕೈಮುಗಿದಿದ್ದ. ಕೀಲಿ ಇದ್ದವಳಲ್ಲವೇ, ಕೇಳುವುದಾದರೂ ಏನನ್ನು?